ಅಣ್ಣನ ಮಗನ ಹುಟ್ಟುಹಬ್ಬಕ್ಕೆ ಏನು ಕೊಡಲಿ? ನಾಲ್ಕು ಜನಕ್ಕೆ ಕೊಟ್ಟು ತಿನ್ನುವ ಬುದ್ಧಿ ಬರುವಂಥದ್ದು ಬೇಕು

ವಿದ್ಯಾನಗರದ ಅತ್ತೆ
ಎಲ್ಲರಿಗೂ ನಮಸ್ಕಾರ. ನಾವು ದಾವಣಗೆರೆಯವರು. ಮುಂದಿನ ತಿಂಗಳು ನಮ್ಮ ಅಣ್ಣನ ಮಗನಿಗೆ ಏಳು ತುಂಬುತ್ತದೆ. ಎರಡೂ ಕಡೆಯ ಅಜ್ಜ ಅಜ್ಜಿಯರಿಗೆ ಇವನೊಬ್ಬನೇ ಮೊಮ್ಮಗ, ಬಾಯಿ ಬಿಟ್ಟು ಕೇಳೋದಕ್ಕೆ ಮುಂಚೆ ಎಲ್ಲ ಬಂದು ಬೀಳುತ್ತದೆ. ರಿಮೋಟ್ ಕಾರುಗಳೇ ಒಂದು ಕಪಾಟು ತುಂಬ ಇವೆ, ಅರ್ಧಕ್ಕೆ ಚಕ್ರ ಇಲ್ಲ. ಹುಡುಗ ಒಳ್ಳೆಯವನೇ. ಆದರೆ ಬೇರೆ ಮಕ್ಕಳು ಮನೆಗೆ ಬಂದರೆ ಮೊದಲು ಓಡಿ ಹೋಗಿ ಕಪಾಟಿನ ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಮೊನ್ನೆ ಕೆಳಗಿನ ಮನೆ ಹುಡುಗಿ ಬಂದಾಗ ಅವಳು ಹೋಗೋ ತನಕ ಅಲ್ಲಿಂದ ಕದಲಲಿಲ್ಲ, ನಗು ಬಂತು, ಬೇಜಾರೂ ಆಯಿತು.

ಈ ಸಲ ಇನ್ನೊಂದು ಕಾರು ಕೊಡಲು ಮನಸ್ಸಿಲ್ಲ. ಅನಾಥಾಶ್ರಮಕ್ಕೆ ಕರೆದುಕೊಂಡು ಹೋಗಿ ಅಲ್ಲೇ ಕೇಕ್ ಕಟ್ ಮಾಡಿಸೋಣ ಅಂತ ಅತ್ತಿಗೆ ಹೇಳುತ್ತಿದ್ದಾರೆ. ನಿಮ್ಮ ಅಭಿಪ್ರಾಯ ಏನು? ಬಜೆಟ್ ಸಾವಿರದೊಳಗೆ.

ಚಳ್ಳಕೆರೆ ಮೇಷ್ಟ್ರು
ಮೇಡಂ, ಆಶ್ರಮದ ಕೇಕ್ ಒಂದನ್ನು ಬಿಟ್ಟುಬಿಡಿ. ಪರಿಚಯವೇ ಇಲ್ಲದ ಹುಡುಗನಿಗೆ ಅಲ್ಲಿನ ಮಕ್ಕಳು ಸಾಲಾಗಿ ನಿಂತು ಚಪ್ಪಾಳೆ ಹೊಡೆಯಬೇಕು, ಆಮೇಲೆ ಎಲ್ಲರೂ ಸೇರಿ ಫೋಟೋ, ರಾತ್ರಿ ಅದು ಯಾರದೋ ಸ್ಟೇಟಸ್‌ನಲ್ಲಿ. ನಿಮ್ಮ ಹುಡುಗ ಅಲ್ಲಿ ಕಲಿಯೋದು ನಾನು ದೊಡ್ಡವನು, ಇವರು ಪಾಪದವರು ಅನ್ನೋದನ್ನ. ಇನ್ನೊಂದು ವಿಷಯ, ಪಾಲನೆಯಲ್ಲಿರುವ ಮಕ್ಕಳ ಗುರುತು ಗೊತ್ತಾಗುವ ಹಾಗೆ ಫೋಟೋ ಹಾಕಬಾರದು ಅಂತ 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ನೇ ಹೇಳುತ್ತದೆ. ಯಾರೂ ಅದನ್ನ ನೋಡಿಕೊಳ್ಳಲ್ಲ.

ಊಟ ಹಾಕಿಸಲೇಬೇಕು ಅಂತಿದ್ದರೆ ಹತ್ತಿರದ ಸರ್ಕಾರಿ ಶಾಲೆಯ ಹೆಡ್‌ಮಾಸ್ಟರನ್ನು ಕೇಳಿ. ಬಿಸಿಯೂಟದ ಜೊತೆ ಒಂದು ಸಿಹಿ ಸೇರಿಸಬಹುದು. 2021ರಲ್ಲಿ ಪಿಎಂ ಪೋಷಣ್ ಅಂತ ಹೆಸರು ಬದಲಾದ ಈ ಯೋಜನೆಯೇ, ಹುಟ್ಟುಹಬ್ಬದಂಥ ದಿನ ಊರಿನವರು ಮಕ್ಕಳಿಗೆ ಏನಾದರೂ ವಿಶೇಷ ಕೊಡಲಿ ಅನ್ನುತ್ತದೆ. ಅಡುಗೆಯವರಿಗೆ ಮುಂಚೆನೇ ತಿಳಿಸಿ, ಅವರೇ ಮಾಡಲಿ. ನಿಮ್ಮ ಹುಡುಗ ಸೌಟು ಹಿಡಿದು ಬಡಿಸಲಿ, ಆಮೇಲೆ ಅದೇ ಸಾಲಿನಲ್ಲಿ ಕೂತು ಉಣ್ಣಲಿ. ಕೂತು ಉಣ್ಣೋದು ಮುಖ್ಯ.

ಕೋಟೆ ಕಡೆಯವನು
ನಾನು ದುರ್ಗದವನು, ನೇರವಾಗಿ ಹೇಳ್ತೀನಿ. ಹುಟ್ಟುಹಬ್ಬದ ದಿನ ಪಾಠ ಯಾಕೆ? ಏಳು ವರ್ಷದ ಹುಡುಗ ವರ್ಷವೆಲ್ಲ ಕಾದಿರುತ್ತಾನೆ, ಅವತ್ತು ಅವನ ಕೈಗೆ ಸಸಿನೋ ದಾನದ ರಸೀತಿನೋ ಕೊಟ್ಟರೆ ಕೊಡೋದು ಅಂದರೇನೇ ಸಿಟ್ಟು ಬರುತ್ತೆ. ಆಟದ ಸಾಮಾನೇ ಕೊಡಿ, ಆದರೆ ಒಬ್ಬನೇ ಆಡೋಕೆ ಆಗದಂಥದ್ದು ಕೊಡಿ. ಕೇರಂ ಬೋರ್ಡ್, ಇಲ್ಲ ಶಟಲ್ ಬ್ಯಾಟು. ಎದುರಿಗೆ ಕೂರೋರು ಇಲ್ಲದಿದ್ದರೆ ಕೇರಂ ಬೋರ್ಡ್ ಬರೀ ಹಲಗೆ. ಅವನೇ ಹೋಗಿ ಕೆಳಗಿನ ಮನೆ ಹುಡುಗಿಯನ್ನು ಕರೆಯಬೇಕಾಗುತ್ತೆ.

ಇನ್ನು ಮನೆಯ ದೊಡ್ಡವರ ವಿಷಯ. ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಹತ್ತು ನಿಮಿಷ ಚೌಕಾಸಿ ಮಾಡಿ, ಒಳಗೆ ಬಂದು ಮಗುಗೆ ಔದಾರ್ಯ ಹೇಳಿಕೊಟ್ಟರೆ ಅದು ಹತ್ತುತ್ತಾ?

ಓದೋ ಹುಡುಗಿ
ನಾನು ಮನಶ್ಶಾಸ್ತ್ರದ ವಿದ್ಯಾರ್ಥಿನಿ, ಈ ವಿಷಯದ ಬಗ್ಗೆ ಒಂದೆರಡು ಅಧ್ಯಯನ ಓದಿದ್ದೆ. 2012ರಲ್ಲಿ ಕೆನಡಾದ ಸಂಶೋಧಕರು ಎರಡು ವರ್ಷ ತುಂಬದ ಮಕ್ಕಳ ಬಟ್ಟಲಿಗೆ ಸಣ್ಣ ಬಿಸ್ಕೆಟ್ ಹಾಕಿ, ಎದುರಿಗೆ ಒಂದು ಬೊಂಬೆ ಕೂರಿಸಿದ್ದರು. ದೊಡ್ಡವರು ಬೇರೆ ಕಡೆಯಿಂದ ತಂದುಕೊಟ್ಟ ಬಿಸ್ಕೆಟ್ಟನ್ನು ಬೊಂಬೆಗೆ ಕೊಟ್ಟಾಗಿನದಕ್ಕಿಂತ, ತಮ್ಮ ಬಟ್ಟಲಿನದ್ದೇ ತೆಗೆದು ಕೊಟ್ಟಾಗ ಮಕ್ಕಳ ಮುಖದಲ್ಲಿ ಖುಷಿ ಜಾಸ್ತಿ ಇತ್ತು. ಹಾಗಾಗಿ ಅಪ್ಪ ದುಡ್ಡು ಕೊಟ್ಟು ತರಿಸಿದ್ದನ್ನ ಮಗನ ಕೈಯಲ್ಲಿ ಹಂಚಿಸಿದರೆ ಅವನಿಗೆ ಅಷ್ಟಾಗಿ ತಟ್ಟೋದಿಲ್ಲ ಅಂತ ನನ್ನ ಅನಿಸಿಕೆ.

ಇನ್ನೊಂದು 2008ರದ್ದು, ಜರ್ಮನಿಯಲ್ಲಿ ನಡೆದಿದ್ದು. ಸಹಾಯ ಮಾಡಿದ ಪುಟ್ಟ ಮಕ್ಕಳಿಗೆ ಪ್ರತಿ ಸಲ ಆಟಿಕೆ ಬಹುಮಾನ ಕೊಟ್ಟರು. ಬಹುಮಾನ ನಿಲ್ಲಿಸಿದ ಮೇಲೆ ಅವರ ಸಹಾಯ ಕಡಿಮೆಯಾಯಿತು. ಬಹುಮಾನ ಏನೂ ಸಿಗದ ಮಕ್ಕಳು, ಬರೀ ಬಾಯಿಮಾತಲ್ಲಿ ಹೊಗಳಿಸಿಕೊಂಡವರು ಮೊದಲಿನಂತೆಯೇ ಸಹಾಯ ಮಾಡುತ್ತಿದ್ದರು. ಅಕ್ಕಾ, ಒಂದು ಕಾರು ಕೊಟ್ಟುಬಿಡು, ಹೊಸದು ತರೋಣ ಅಂತ ಮಾತ್ರ ಯಾರೂ ಹೇಳದ ಹಾಗೆ ನೋಡಿಕೊಳ್ಳಿ.

ಮೊಮ್ಮಕ್ಕಳ ಅಜ್ಜಿ
ನಮ್ಮ ಕಾಲದಲ್ಲಿ ಇಷ್ಟೆಲ್ಲ ಯೋಚನೆ ಇರಲಿಲ್ಲ ತಾಯಿ. ಮನೆಯಲ್ಲಿ ಏನು ಮಾಡಿದರೂ ಒಂದು ತಟ್ಟೆ ಪಕ್ಕದ ಮನೆಗೆ, ತಗೊಂಡು ಹೋಗೋದು ಮಕ್ಕಳ ಕೆಲಸ. ಸಂಜೆ ಮಂಡಕ್ಕಿ ಮೆಣಸಿನಕಾಯಿ ತಂದಾಗ ಅವನ ಕೈಲೇ ಕೆಳಗಿನ ಮನೆಗೆ ಕಳಿಸು. ಬಿಸಿ ಮೆಣಸಿನಕಾಯಿ ಮೇಲಿದ್ದರೆ ದಾರಿಯಲ್ಲಿ ಒಂದು ಕಡಿಮೆ ಆಗುತ್ತೆ, ಆಗಲಿ ಬಿಡು. ತಟ್ಟೆ ಖಾಲಿ ವಾಪಸ್ ಬರಲ್ಲ, ಅವರೂ ಏನಾದರೂ ಹಾಕಿ ಕಳಿಸ್ತಾರೆ. ರಜೆಯಲ್ಲಿ ಸಿರಿಗೆರೆ ಕಡೆ ಹೋದರೆ ಮಠದ ದಾಸೋಹದಲ್ಲಿ ಕೂರಿಸಿ ಊಟ ಮಾಡಿಸಿ. ಯಾರು ಬಂದರೂ ಒಂದೇ ಪಂಕ್ತಿ, ಒಂದೇ ಅನ್ನ ಸಾರು. ಬಸವಣ್ಣನವರ ಕಾಲದಿಂದ ಬಂದ ದಾಸೋಹ ಅಂದರೆ ಏನು ಅಂತ ಬಾಯಲ್ಲಿ ಹೇಳೋಕ್ಕಿಂತ ಅಲ್ಲಿ ಕೂತರೆ ತಿಳಿಯುತ್ತೆ.

ಚಳ್ಳಕೆರೆ ಮೇಷ್ಟ್ರು
ಕೇರಂ ಒಳ್ಳೇದೇ, ಆದರೆ ಕಪಾಟಿಗೆ ಬೆನ್ನು ಕೊಡೋ ಹುಡುಗ ಸ್ಟ್ರೈಕರ್ ಜೇಬಿಗೆ ಹಾಕಿಕೊಂಡು ಓಡಿದರೆ?

ಕೋಟೆ ಕಡೆಯವನು
ಓಡಲಿ ಮೇಷ್ಟ್ರೇ, ಒಂದು ದಿನ ಓಡ್ತಾನೆ. ಮಾರನೇ ದಿನ ಯಾರೂ ಆಟಕ್ಕೆ ಬರದಿದ್ದರೆ ಅವನೇ ವಾಪಸ್ ತಂದು ಇಡ್ತಾನೆ. ದೊಡ್ಡವರು ನಡುವೆ ಬಾಯಿ ಹಾಕಬಾರದು ಅಷ್ಟೇ.

ವಿದ್ಯಾನಗರದ ಅತ್ತೆ
ಎಲ್ಲರಿಗೂ ಥ್ಯಾಂಕ್ಸ್. ಅತ್ತಿಗೆಗೆ ಮೇಷ್ಟ್ರು ಬರೆದಿದ್ದನ್ನ ಹಾಗೇ ತೋರಿಸಿದೆ, ಆಶ್ರಮದ ಕೇಕ್ ಕ್ಯಾನ್ಸಲ್. ಕೇರಂ ಬೋರ್ಡೇ ಕೊಡ್ತೀನಿ. ಕಾರುಗಳ ವಿಷಯ ಅವನಿಗೇ ಬಿಡ್ತೀವಿ. ಯಾವುದನ್ನಾದರೂ ಕೊಡ್ತೀನಿ ಅಂದರೆ ಚಕ್ರ ಇರೋದೇ ಕೊಡಬೇಕು, ಮುರುಕಲು ಕೊಡೋ ಹಾಗಿಲ್ಲ ಅಂತ ಮಾತ್ರ ಹೇಳ್ತೀನಿ. ಕೊಡದಿದ್ದರೆ ಈ ವರ್ಷ ಇಲ್ಲ, ಸುಮ್ನೆ ಬಲವಂತ ಬೇಡ. ಮಂಡಕ್ಕಿ ತಟ್ಟೆ ಮಾತ್ರ ಈ ಭಾನುವಾರದಿಂದಲೇ ಶುರು. ಬೋರ್ಡ್ ತಗೊಳ್ಳುವಾಗ ಏನು ನೋಡಬೇಕು?

ಕೋಟೆ ಕಡೆಯವನು
ತೀರಾ ಪುಟ್ಟದು ಬೇಡ, ನಾಲ್ಕು ಮಕ್ಕಳು ಸುತ್ತ ಕೂತರೆ ಮೊಣಕೈ ತಾಗಬಾರದು. ಅಂಗಡಿಯಲ್ಲೇ ಬೋರ್ಡನ್ನು ನೆಲಕ್ಕೆ ಇಡಿಸಿ, ಸ್ವಲ್ಪ ಪೌಡರ್ ಹಾಕಿಸಿ, ಒಂದು ಕಾಯಿಯನ್ನು ನಾಲ್ಕೂ ಕಡೆಯಿಂದ ಹೊಡೆದು ನೋಡಿ. ಪ್ರತಿ ಸಲ ಒಂದೇ ಮೂಲೆಗೆ ವಾಲಿದರೆ ಹಲಗೆ ಬಾಗಿದೆ ಅಂತ ಅರ್ಥ, ಬೇರೆ ತೆಗೆಸಿ. ಸ್ಟ್ರೈಕರ್ ಒಂದು ಜಾಸ್ತಿ ತಗೊಳ್ಳಿ, ಮೇಷ್ಟ್ರ ಮಾತು ನಿಜ ಆದರೂ ಆಗಬಹುದು.