ಪಿವಿಸಿ ಸ್ಲೀವ್: ಬೆಂಕಿ ಆರುತ್ತದೆ, ಹೊಗೆ ಮಾತ್ರ ನಿಲ್ಲುತ್ತಿಲ್ಲ

ರಾಯಚೂರು ಸ್ಲೀವ್: ತಲೆ ಕೆಟ್ಟುಹೋಗಿದೆ. ವೈರ್ ಮೇಲೆ ಹಾಕುವ ಮೆತ್ತನೆಯ ಸ್ಲೀವ್, ರೈಸ್ ಮಿಲ್‌ನವರ ಆರ್ಡರ್. ಕಡ್ಡಿ ಗೀರಿ ಹಿಡಿದರೆ ಬೆಂಕಿ ತಾನೇ ಆರುತ್ತದೆ, ಆದರೆ ಶೆಡ್ ತುಂಬ ಕಪ್ಪು ಹೊಗೆ. ಉರಿ ತಡೆಯುವ ಆಂಟಿಮನಿ ಟ್ರೈಆಕ್ಸೈಡ್ ಪುಡಿ 100 ಭಾಗ ಪಿವಿಸಿಗೆ 3 ಭಾಗ ಇತ್ತು, 6 ಮಾಡಿದೆ. ಹೊಗೆ ಇನ್ನೂ ಜಾಸ್ತಿ! ಎಟಿಎಚ್ (ಅಲ್ಯೂಮಿನಿಯಂ ಹೈಡ್ರಾಕ್ಸೈಡ್, ಇದೂ ಬೆಂಕಿ ತಡೆಯುವ ಪುಡಿ) 20 ಭಾಗ ಹಾಕಿದೆ, ಈಗ ಮೈತುಂಬ ಗುಳ್ಳೆ. ಮೂರು ದಿನದ ಮಾಲು ಹಾಳು.

ಬಳ್ಳಾರಿ ಕೇಬಲ್: ಗುಳ್ಳೆ ಅಂದರೆ ತೇವ. ಎಟಿಎಚ್ ಒಣಗಿಸಿ ಹಾಕಿ.

ರಾಯಚೂರು ಸ್ಲೀವ್: ಒಣಗಿಸಿಯೇ ಹಾಕಿದ್ದು ಸರ್.

ಬಳ್ಳಾರಿ ಕೇಬಲ್: ಹಾಗಾದರೆ ಸರಿಯಾಗಿ ಒಣಗಿಲ್ಲ. ರಾತ್ರಿಯಿಡೀ ಇಡಿ.

ರಾಯಚೂರು ಸ್ಲೀವ್: ಇದು ರಾಯಚೂರಿನ ಮೇ ತಿಂಗಳು. ತೇವ ಎಲ್ಲಿಂದ ಬರಬೇಕು?

ಕೊಪ್ಪಳ ಮಿಕ್ಸರ್: ತೇವದ ಮಾತು ಬಿಡಿ ಅಣ್ಣ. ಮಾಲು ಹೊರಬರುವ ಅಚ್ಚು, ಅಂದರೆ ಡೈ, ಎಷ್ಟು ಡಿಗ್ರಿ? ಎಟಿಎಚ್ ತೂಕದಲ್ಲಿ ಮೂರನೇ ಒಂದು ಪಾಲು ನೀರೇ, ಒಣಗಿಸಿದರೂ ಹೋಗದ ಒಳಗಿನ ನೀರು. 200 ಡಿಗ್ರಿ ದಾಟಿದರೆ ಬಿಟ್ಟುಬಿಡುತ್ತದೆ. ಬೆಂಕಿ ಬಿದ್ದಾಗ ತಂಪು ಮಾಡಬೇಕಾದ ನೀರು ಪಿವಿಸಿ ಕರಗುವ ಬ್ಯಾರೆಲ್‌ನಲ್ಲೇ ಹೋದರೆ ಗುಳ್ಳೆ ಆಗುತ್ತದೆ. ಆಂಟಿಮನಿ ಕೆಲಸ ಬೇರೆ. ಪಿವಿಸಿಯಲ್ಲಿರುವ ಕ್ಲೋರಿನ್ ಜೊತೆ ಸೇರಿ ಉರಿಯನ್ನು ಕೊಲ್ಲುತ್ತದೆ, ಹೊಗೆಯನ್ನಲ್ಲ. ಅರ್ಧಂಬರ್ಧ ಉರಿದದ್ದು ಮಸಿಯಾಗಿ ಬರುತ್ತದೆ. 3ಕ್ಕೇ ಇಳಿಸಿ, ಜೊತೆಗೆ ಜಿಂಕ್ ಬೋರೇಟ್ ಹಾಕಿ. ಅದು ಮೇಲೆ ಇದ್ದಿಲಿನ ಪದರ ಕಟ್ಟಿಸುತ್ತದೆ, ಹೊಗೆ ತಗ್ಗುತ್ತದೆ.

ಬಳ್ಳಾರಿ ಕೇಬಲ್: ಜಿಂಕ್ ಜಾಸ್ತಿಯಾದರೆ ಪಿವಿಸಿ ಬ್ಯಾರೆಲ್‌ನಲ್ಲೇ ಕರ್ರಗಾಗುತ್ತದೆ. ಡೈ ಬಿಚ್ಚಿ ಕೆರೆದವನು ನಾನು. ಹೊಗೆ ತಗ್ಗಿಸಲು ಮಾಲಿಬ್ಡೇಟ್ ಪುಡಿ ಹಾಕಿಸಿ.

ಕೊಪ್ಪಳ ಮಿಕ್ಸರ್: ಅದರ ರೇಟು ಸಣ್ಣ ಶೆಡ್‌ಗೆ ಎಟುಕುತ್ತಾ? ಪಿವಿಸಿ ಬಿಸಿಗೆ ಕೆಡದಂತೆ ಕಾಯುವ ಸ್ಟೆಬಿಲೈಸರ್ ಸ್ವಲ್ಪ ಏರಿಸಿಕೊಂಡರೆ ಜಿಂಕ್ ಬೋರೇಟ್ ನಡೆಯುತ್ತದೆ.

ಬಳ್ಳಾರಿ ಕೇಬಲ್: ನಮ್ಮದು ಆವಿ ಹೊರಹೋಗಲು ವೆಂಟ್ ಇರುವ ಬ್ಯಾರೆಲ್. ಎಟಿಎಚ್ 40 ಭಾಗ ಹಾಕಿದರೂ ಒಂದು ಗುಳ್ಳೆ ಇಲ್ಲ.

ರಾಯಚೂರು ಸ್ಲೀವ್: ಒಂದು ವಿಷಯ ಹೇಳಿರಲಿಲ್ಲ. ಎಟಿಎಚ್ ಹಾಕಿದ ಮೇಲೆ ಮಾಲು ಗಡುಸಾಯಿತು. ಅದಕ್ಕೆ ಪಿವಿಸಿ ಮೆತ್ತಗೆ ಮಾಡುವ ಎಣ್ಣೆ ಡಿಓಪಿಯನ್ನು 50 ಭಾಗದಿಂದ 65ಕ್ಕೆ ಏರಿಸಿದೆ. ಡೈ 205ರಲ್ಲಿದೆ.

ಕೊಪ್ಪಳ ಮಿಕ್ಸರ್: ಇದನ್ನು ಮೊದಲೇ ಹೇಳಬೇಕಿತ್ತು ಅಲ್ವಾ! ಪಿವಿಸಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರಿನ್ನೇ ಇದೆ, ಅದು ಸುಲಭಕ್ಕೆ ಉರಿಯುವುದಿಲ್ಲ. ಉರಿಗೆ ಎಣ್ಣೆ ಕೊಡುತ್ತಿರುವುದು ನಿಮ್ಮ ಡಿಓಪಿ. 50ಕ್ಕೆ ವಾಪಸ್ ಬನ್ನಿ, ಡೈ 175 ಇಡಿ. ಇನ್ನೊಂದು ಮಾತು, ಶೆಡ್ ಒಳಗೆ ಸುಟ್ಟು ನೋಡಬೇಡಿ. ಆ ಹೊಗೆಯಲ್ಲಿ ಹೈಡ್ರೋಜನ್ ಕ್ಲೋರೈಡ್ ಇರುತ್ತದೆ, ಎದೆ ಸುಡುತ್ತದೆ.

ರಾಯಚೂರು ಸ್ಲೀವ್: 175ಕ್ಕೆ ಇಳಿಸಿದೆ, ಗುಳ್ಳೆ ಹೋಯಿತು! ಜಿಂಕ್ ಬೋರೇಟ್ ಹೈದರಾಬಾದಿನಿಂದ ಬರಬೇಕು. ಬಂದ ಮೇಲೆ ಹೊರಗೆ ಬಯಲಲ್ಲಿ ಸುಟ್ಟು ನೋಡಿ ತಿಳಿಸುತ್ತೇನೆ.

ಬಳ್ಳಾರಿ ಕೇಬಲ್: ಬಂದ ಮೇಲೆ ಅದನ್ನೂ ಒಣಗಿಸಿಯೇ ಹಾಕಿ.