ಚೆಸ್‌ನ ಆನೆ ಆಟದಲ್ಲಿ ಒಂದು ಕಾಲಾಳು ಜಾಸ್ತಿ ಇದ್ದೂ ಡ್ರಾ. ಗೆಲ್ಲೋ ದಾರಿ ಇತ್ತಾ?

ಬಿಳಿಕುದುರೆ:
ಕ್ಲಬ್ ಟೂರ್ನಿಯ ಕೊನೆಯ ಸುತ್ತು. ನನ್ನದು ಬಿಳಿ. ಕಾಯಿಗಳೆಲ್ಲ ಹೋಗಿ ಇಬ್ಬರಿಗೂ ಒಂದೊಂದು ಆನೆ ಉಳಿದಿತ್ತು. ಕಾಲಾಳು ಇದ್ದದ್ದು ನನಗೆ ಮಾತ್ರ. ನನ್ನ ರಾಜ ಡಿ5 (ಅಕ್ಷರ ಉದ್ದ ಸಾಲಿನದು, ಅಂಕಿ ಅಡ್ಡ ಸಾಲಿನದು), ಕಾಲಾಳು ಇ5, ಆನೆ ಎ7. ಅವರ ರಾಜ ಇ8, ಆನೆ ಬಿ6.

ಅವರ ಗಡಿಯಾರದಲ್ಲಿ ಒಂದು ನಿಮಿಷವೂ ಇರಲಿಲ್ಲ. ಪ್ರತಿ ನಡೆಗೆ ಸೇರುವ 30 ಸೆಕೆಂಡಿನಲ್ಲೇ ಆಡುತ್ತಿದ್ದರು. ಆದರೂ ಆನೆಯನ್ನು ಬಿ6, ಜಿ6, ಮತ್ತೆ ಬಿ6 ಅಂತ ಅದೇ ಸಾಲಿನಲ್ಲಿ ಆಡಿಸುತ್ತಾ ಕೂತರು. ನಾನು ಇ6 ತಳ್ಳಿದ ಕೂಡಲೇ ಆನೆ ಸೀದಾ ಬಿ1ಕ್ಕೆ ಹೋಯಿತು. ಆಮೇಲೆ ಹಿಂದಿನಿಂದ ಚೆಕ್ ಮೇಲೆ ಚೆಕ್. ಇ6 ತಳ್ಳದೆ ಬೇರೆ ಏನಾದರೂ ಆಡಿದ್ದರೆ ಗೆಲ್ಲಬಹುದಿತ್ತಾ?

ಆನೆಯಾಟ:
ಇಲ್ಲ, ಆ ಸ್ಥಿತಿ ಡ್ರಾನೇ. ನಿಮ್ಮ ಎದುರಾಳಿ ಆಡಿದ್ದು ಫಿಲಿಡೋರ್ ರಕ್ಷಣೆ, ಅದೂ ಅಚ್ಚುಕಟ್ಟಾಗಿ. ಫ್ರೆಂಚ್ ಚೆಸ್ ಆಟಗಾರ ಫಿಲಿಡೋರ್ 1777ರಲ್ಲೇ ಇದನ್ನು ಬರೆದಿಟ್ಟಿದ್ದಾರೆ. (ಆತ ಒಳ್ಳೆಯ ಸಂಗೀತ ಸಂಯೋಜಕ ಕೂಡ.)

ಆರನೇ ಸಾಲಿನ ಆನೆಗೆ ಇರೋದು ಒಂದೇ ಕೆಲಸ, ನಿಮ್ಮ ರಾಜನನ್ನು ಮೇಲೆ ಹತ್ತಲು ಬಿಡದಿರುವುದು. ರಾಜ ಇ6ಕ್ಕೆ ಬಂದರೆ ಎ8ರಲ್ಲಿ ನಿಮ್ಮ ಆನೆಯಿಂದ ಮೇಟ್ (ರಾಜನಿಗೆ ತಪ್ಪಿಸಿಕೊಳ್ಳಲಾಗದ ಚೆಕ್) ಬೆದರಿಕೆ ಇದೆ. ಇ1ರಿಂದ ಚೆಕ್ ಕೊಡೋಣ ಅಂದರೆ ಇ5ರ ಕಾಲಾಳು ಅಡ್ಡ. ಆದರೆ ಕಾಲಾಳೇ ಇ6ರಲ್ಲಿ ಕೂತ ಮೇಲೆ ರಾಜನಿಗೆ ಆ ಮರೆ ಎಲ್ಲಿದೆ? ಡಿ6ಕ್ಕೆ ಹೋದರೆ ಡಿ1ರಿಂದ ಚೆಕ್, ಇ5ಕ್ಕೆ ಬಂದರೆ ಇ1ರಿಂದ. ಕಾಲಾಳು ಮುಂದೆ ಬರುವ ತನಕ ಕಾದು, ಬಂದ ನಡೆಗೇ ಕೆಳಗಿಳಿಯೋದು, ಅಲ್ಲಿದೆ ಇದರ ಸೊಗಸು. ಕ್ಲಬ್ ಮಟ್ಟದಲ್ಲಿ ಸಮಯ ಇಲ್ಲದಾಗ ಇಷ್ಟು ತಾಳ್ಮೆ ಅಪರೂಪ. ನನಗಂತೂ ಓದಿ ಖುಷಿಯಾಯಿತು.

ಕಪ್ಪುಮನೆ:
ಅವರು ಸುಮ್ನೆ ಎಂಟನೇ ಸಾಲಿನಲ್ಲಿ ಆನೆ ಇಟ್ಟು ಕಾದಿದ್ದರೆ?

ಆನೆಯಾಟ:
ಆಗ ಬಿಳಿ ರಾಜ ಆರನೇ ಸಾಲಿಗೆ ಹತ್ತುತ್ತಿದ್ದ. ನಡುವಿನ ಕಾಲಾಳಿನ ಎದುರು ಹಾಗೆ ಕೂತರೆ ಸೋಲು. ಕಾಲಾಳು ಅಂಚಿನದೋ ಅದರ ಪಕ್ಕದ್ದೋ ಆಗಿದ್ದರೆ ಉಳಿಯುತ್ತೆ.

ಬಿಳಿಕುದುರೆ ಅವರೇ, ಉಳಿದ ಕಾಲಾಳುಗಳು ಬದಲಾಗುವ ಮುಂಚಿನ ಸ್ಥಿತಿಯನ್ನೂ ಹಾಕಿ. ಗೆಲುವು ಇದ್ದರೆ ಅಲ್ಲೇ ಇರಬೇಕು.

ಬಿಳಿಕುದುರೆ:
ನಡೆಗಳನ್ನು ಬರೆದ ಹಾಳೆ ಇದೆ. ರಾತ್ರಿ ಹಾಕುತ್ತೇನೆ ಸರ್. ಆಗ ಇಬ್ಬರಿಗೂ ಎಚ್ ಕಾಲಾಳು ಇತ್ತು.