78ರ ಪದ್ಮಿನಿಗೆ ಎಸ್ಟೀಮ್ ಎಂಜಿನ್ ತಂದಿಟ್ಟಿದೀನಿ, ಗೇರ್‌ಬಾಕ್ಸ್ ಯಾವ್ದು ಹಾಕೋದು?

ತುಂಗಾತೀರ:
ಎಲ್ರಿಗೂ ನಮಸ್ಕಾರ. ನಂದು ಶಿವಮೊಗ್ಗ. ಮನೇಲಿ 1978ರ ಪ್ರೀಮಿಯರ್ ಪದ್ಮಿನಿ ಇದೆ, ಅಪ್ಪ ತಗೊಂಡಿದ್ದು, ನಾನು ಡ್ರೈವಿಂಗ್ ಕಲ್ತಿದ್ದೂ ಅದ್ರಲ್ಲೇ, ಸ್ಟೀರಿಂಗ್ ಪಕ್ಕದ ಗೇರಲ್ಲಿ. ಹಳೇ 1089 ಸಿಸಿ ಎಂಜಿನ್ ಎರಡು ಸಲ ಬೋರ್ ಆಗಿತ್ತು, ಹೋದ್ ವರ್ಷ ಬ್ಲಾಕೇ ಕ್ರ್ಯಾಕ್ ಬಿಡ್ತು. ಗಾಡಿ ಗುಜರಿಗೆ ಹಾಕೋಕೆ ಮನಸ್ಸಿಲ್ಲ, ಅದಕ್ಕೆ 1997ರ ಮಾರುತಿ ಎಸ್ಟೀಮ್ ಒಂದರ ಎಂಜಿನ್ ತಂದೆ, 1298 ಸಿಸಿ, ಕಾರ್ಬ್ಯುರೇಟರ್‌ದು, ಕಂಪ್ರೆಷನ್ ಚೆನ್ನಾಗಿದೆ. ಈಗ ಸಮಸ್ಯೆ ಏನಂದ್ರೆ ಎಸ್ಟೀಮ್ ಮುಂದಿನ ಚಕ್ರದ ಗಾಡಿ, ಎಂಜಿನ್ ಅಡ್ಡ ಕೂತಿರತ್ತೆ, ಅದರ ಗೇರ್‌ಬಾಕ್ಸು ನನಗೆ ಉಪಯೋಗ ಇಲ್ಲ. ಇಲ್ಲೊಂದು ಗ್ಯಾರೇಜಲ್ಲಿ ಪದ್ಮಿನಿ ಗೇರ್‌ಬಾಕ್ಸನ್ನೇ ಉಳಿಸ್ಕೊಂಡು ಮಧ್ಯ ಒಂದು ದಪ್ಪ ಪ್ಲೇಟ್ ಹಾಕಿ ಜೋಡಿಸ್ತೀವಿ ಅಂತ ಅಡ್ವಾನ್ಸ್ ತಗೊಂಡ್ರು, ನಾಲ್ಕು ತಿಂಗ್ಳು ಗಾಡಿ ಮಳೇಲಿ ನಿಂತಿತ್ತು, ಆಮೇಲೆ ಆಗಲ್ಲ ಅಂದ್ರು. ಮನೆಗೆ ಎಳ್ಕೊಂಡ್ ಬಂದಿದೀನಿ. ಪ್ಲೇಟ್ ದಾರಿ ಸರೀನಾ, ಇಲ್ಲ ಬೇರೆ ಗೇರ್‌ಬಾಕ್ಸ್ ಹುಡುಕ್ಲಾ? ತಿಂಗಳಿಗೊಂದ್ಸಲ ಆಗುಂಬೆ ಇಳ್ದು ಉಡುಪಿಗೆ ಹೋಗ್ಬೇಕು, ಅಷ್ಟು ಓಡಿದ್ರೆ ಸಾಕು.

ಲೇತ್‌ಮನೆ:
ಪ್ಲೇಟ್ ಬಿಡಿ. ಮಾಡಕ್ಕಾಗಲ್ಲ ಅಂತಲ್ಲ, ಆದ್ರೆ ಕ್ರ್ಯಾಂಕ್ ಸೆಂಟರ್ರೂ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟ್ ಸೆಂಟರ್ರೂ ಒಂದೇ ಗೆರೇಲಿ ಬರ್ಬೇಕು, 0.1 ಮಿಮೀ ಆಸುಪಾಸಲ್ಲಿ, ಡಯಲ್ ಗೇಜ್ ಇಟ್ಟು ನೋಡ್ದೆ ಕಣ್ಣಳತೇಲಿ ತೂತು ಹೊಡೆದ್ರೆ ಇನ್‌ಪುಟ್ ಬೇರಿಂಗ್ ಕೂಗಕ್ಕೆ ಶುರು ಆಗತ್ತೆ, ಕ್ಲಚ್ ಪೂರ್ತಿ ಬಿಡಲ್ಲ, ರಿವರ್ಸ್ ಹಾಕುವಾಗ ಕರ್ರ್ ಅನ್ನತ್ತೆ. ಇನ್ನೊಂದು, ಪ್ಲೇಟ್ ಎಷ್ಟು ದಪ್ಪನೋ ಗೇರ್‌ಬಾಕ್ಸ್ ಅಷ್ಟು ಹಿಂದೆ ಹೋಗತ್ತೆ, ಶಾಫ್ಟ್ ಮೂಗು ಕ್ರ್ಯಾಂಕ್ ತುದೀಲಿ ಅದನ್ನ ಹಿಡ್ಕೊಳ್ಳೋ ಪೈಲಟ್ ಬೇರಿಂಗಿಗೆ ತಲುಪಲ್ಲ. ತಲುಪಿಸ್ದೆ ಓಡ್ಸಿದ್ರೆ ಶಾಫ್ಟ್ ಒಂದೇ ಕೈಲಿ ನೇತಾಡ್ದಂಗೆ. ಅದೂ ಅಲ್ದೆ ಆ ಗೇರ್‌ಬಾಕ್ಸ್ ಮಾಡಿದ್ದು 40 ಚಿಲ್ಲರೆ ಕುದುರೆಗೆ, ಎಸ್ಟೀಮ್ ಕಾರ್ಬ್ಯುರೇಟರ್ ಎಂಜಿನ್ 65.

ನಿಮ್ಮ ಎಂಜಿನ್‌ಗೆ ಒಡಹುಟ್ಟಿದ ಅಣ್ಣ ಒಬ್ಬ ಇದಾನೆ, ಮಾರುತಿದೇ ಜೀಪ್ ಥರದ ಗಾಡಿ ಜಿಪ್ಸಿ ಕಿಂಗ್. ಅದೂ 1298 ಸಿಸಿ, ಅದೇ ಜಿ13 ವಂಶ, ಆದ್ರೆ ಎಂಜಿನ್ ಉದ್ದಕ್ಕೆ ಕೂತಿರತ್ತೆ, ಹಿಂದೆ 5 ಸ್ಪೀಡ್ ಗೇರ್‌ಬಾಕ್ಸು. ಜಿಪ್ಸೀಲಿ ಒಂದು ಒಳ್ಳೇ ವಿಷ್ಯ ಏನಪ್ಪಾ ಅಂದ್ರೆ ಟ್ರಾನ್ಸ್‌ಫರ್ ಕೇಸ್ (ಮುಂದಿನ ಹಿಂದಿನ ಚಕ್ರಕ್ಕೆ ಶಕ್ತಿ ಹಂಚೋ ಪೆಟ್ಟಿಗೆ) ಗೇರ್‌ಬಾಕ್ಸಿಗೆ ಅಂಟ್ಕೊಂಡಿಲ್ಲ, ಮಧ್ಯ ಒಂದು ಚಿಕ್ಕ ಶಾಫ್ಟ್ ಇಟ್ಟು ಬೇರೆ ಕೂರ್ಸಿದಾರೆ. ಅಂದ್ರೆ ಟ್ರಾನ್ಸ್‌ಫರ್ ಕೇಸನ್ನ ಪಕ್ಕಕ್ಕಿಟ್ಟು ಗೇರ್‌ಬಾಕ್ಸಿನ ಹಿಂದಿನ ಫ್ಲ್ಯಾಂಜಿಗೆ ನೇರ ನಿಮ್ಮ ಪ್ರೊಪೆಲ್ಲರ್ ಶಾಫ್ಟ್ (ಹಿಂದಿನ ಆಕ್ಸಲಿಗೆ ಹೋಗೋ ಉದ್ದ ಶಾಫ್ಟ್) ಕಟ್ಬೋದು. ಬೆಲ್ ಹೌಸಿಂಗ್ (ಎಂಜಿನ್‌ಗೂ ಗೇರ್‌ಬಾಕ್ಸಿಗೂ ಮಧ್ಯ ಕ್ಲಚ್ ಮುಚ್ಚೋ ಕವಚ), ಫ್ಲೈವೀಲ್, ಪ್ರೆಷರ್ ಪ್ಲೇಟ್, ಡಿಸ್ಕ್, ಪೈಲಟ್ ಬೇರಿಂಗ್, ರಿಲೀಸ್ ಬೇರಿಂಗ್ ಎಲ್ಲಾ ಒಂದೇ ಜಿಪ್ಸಿದು ತಗೊಳ್ಳಿ, ಅಲ್ಲೊಂದು ಇಲ್ಲೊಂದು ಬೆರೆಸ್ಬೇಡಿ. ಹೌಸಿಂಗನ್ನ ಗಾಡಿ ಹೊರಗೇ ಬ್ಲಾಕಿಗೆ ಇಟ್ಟು ಬೋಲ್ಟ್ ತೂತು, ಸ್ಟಾರ್ಟರ್ ಜಾಗ ನೋಡ್ಕೊಳ್ಳಿ, ಆಮೇಲೆ ದುಡ್ಡು ಕೊಡಿ.

ಅದಕ್ಕೂ ಮುಂಚೆ ಎರಡು ಅಳತೆ ಬೇಕು. ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಸಿ, ಇಬ್ರು ಸೇರಿ ಎರಡೂ ಚಕ್ರ ಒಟ್ಟಿಗೆ ಒಂದೇ ಕಡೆಗೆ 10 ಸುತ್ತು ತಿರುಗ್ಸಿ, ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಬಂತು ಎಣಿಸಿ. ಆಮೇಲೆ ಟೈರ್ ಮೇಲೆ ಸೀಮೆಸುಣ್ಣದಲ್ಲಿ ಗುರ್ತು ಹಾಕಿ ಒಂದು ಸುತ್ತು ಉರುಳಿಸಿ ನೆಲದ ಮೇಲೆ ಅಳೀರಿ. ಇವೆರಡು ಇಲ್ದೆ ಗೇರ್‌ಬಾಕ್ಸ್ ಬಗ್ಗೆ ಯಾರು ಏನ್ ಹೇಳಿದ್ರೂ ಅದು ಊಹೆ.

ಮೈಸೂರ್1100:
ಸ್ವಾಮಿ, ದಯವಿಟ್ಟು ಒಂದ್ಸಲ ಯೋಚ್ನೆ ಮಾಡಿ. ಬ್ಲಾಕ್ ಕ್ರ್ಯಾಕ್ ಆಗಿದ್ರೆ ಇನ್ನೊಂದು ಪದ್ಮಿನಿ ಬ್ಲಾಕ್ ಹುಡ್ಕಿ, ಬೆಂಗಳೂರು ಜೆ.ಸಿ. ರೋಡಲ್ಲಿ ನಾಲ್ಕ್ ದಿನ ಓಡಾಡಿದ್ರೆ ಪಾರ್ಟ್ಸ್ ಸುಳಿವು ಸಿಗತ್ತೆ. ಮೋಟಾರ್ ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕಿಂತ ಆರ್‌ಸಿ ಬೇರೆ ಆಗೋ ಹಂಗೆ ಗಾಡಿ ಬದ್ಲಾಯ್ಸಂಗಿಲ್ಲ, 2019ರ ಜನವರೀಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ. ಬೇರೆ ಕಂಪನಿ ಎಂಜಿನ್ ಹಾಕಿ ಆಗುಂಬೇಲಿ ಏನಾದ್ರೂ ಆದ್ರೆ ಇನ್ಶೂರೆನ್ಸ್‌ನೋರು ಮೊದ್ಲು ನೋಡೋದು ಎಂಜಿನ್ ನಂಬರ್ರು. ಇನ್ನೊಂದು ವಿಷ್ಯ, 2021ರಲ್ಲಿ ಬಂದ ವಿಂಟೇಜ್ ನಿಯಮದಲ್ಲಿ 50 ವರ್ಷ ದಾಟಿ ಮೂಲ ರೂಪದಲ್ಲೇ ಇರೋ ಗಾಡಿಗೆ ವಿಎ ಅಂತ ಬೇರೆ ನಂಬರೇ ಕೊಡ್ತಾರೆ. ನಿಮ್ಮದು 78, ಅಂದ್ರೆ 2028ಕ್ಕೆ 50 ತುಂಬತ್ತೆ. ಚಾಸಿಗೋ ಎಂಜಿನ್‌ಗೋ ಕೈ ಹಾಕಿದ ಗಾಡಿಗೆ ಅದು ಸಿಗಲ್ಲ. ಅಪ್ಪನ ಗಾಡಿ, ಸ್ಟೀರಿಂಗ್ ಗೇರು, ಉದ್ದ ಬೆಂಚ್ ಸೀಟು, ಇದನ್ನೆಲ್ಲ ಒಂದ್ಸಲ ಕತ್ತರಿಸಿದ್ರೆ ವಾಪಸ್ ಬರಲ್ಲ.

ಬದಲಾಯ್ಸಲೇಬೇಕು ಅಂದ್ರೆ ಪ್ರೀಮಿಯರ್‌ದೇ 118 ಎನ್‌ಇ ಇದ್ಯಲ್ಲ, ಅದರ ನಿಸಾನ್ ಎ12, 1171 ಸಿಸಿ, ಗೇರ್‌ಬಾಕ್ಸ್ ಸಮೇತ ಸೆಟ್ ಹುಡುಕಿ. ಹಿಂದಿನ ಚಕ್ರದ ಗಾಡಿದೇ, ಮನೆಯವರದ್ದೇ. ಆದ್ರೆ ಅದಕ್ಕೂ ಆರ್‌ಟಿಒ ಕೇಳ್ದೆ ಕೈ ಹಾಕ್ಬೇಡಿ.

ತುಂಗಾತೀರ:
ಇಬ್ರಿಗೂ ಥ್ಯಾಂಕ್ಸ್. ಮೈಸೂರ್ ಸರ್, ನೀವು ಹೇಳಿದ್ದು ಓದಿ ರಾತ್ರಿ ನಿದ್ದೆ ಬರ್ಲಿಲ್ಲ, 2028 ವಿಷ್ಯ ನಂಗೆ ಗೊತ್ತೇ ಇರ್ಲಿಲ್ಲ. ಭಾನುವಾರ ತಮ್ಮನ್ನ ಕರ್ಕೊಂಡು ಅಳತೆ ಮಾಡ್ದೆ. ಚಕ್ರ 10 ಸುತ್ತಿಗೆ ಶಾಫ್ಟ್ 43 ಸುತ್ತು. ಟೈರ್ ಒಂದು ಸುತ್ತಿಗೆ 1.85 ಮೀಟರ್. ಜಿಪ್ಸಿ ಗೇರ್‌ಬಾಕ್ಸ್ ಹಾಕಿದ್ರೆ ಇದ್ರಲ್ಲಿ ಹೆಂಗೆ ಓಡತ್ತೆ ಅಂತ ಲೆಕ್ಕ ಹಾಕೋದು ಹೇಳ್ಕೊಡಿ, ಏನೇ ಮಾಡಿದ್ರೂ ತಿಳ್ಕೊಂಡು ಮಾಡ್ಬೇಕು ಅಂತಿದೀನಿ.

ಲೇತ್‌ಮನೆ:
ಭಾಳ ಚೆನ್ನಾಗಿ ಅಳೆದಿದೀರಿ. 43ಕ್ಕೆ 10, ಅಂದ್ರೆ ಹಿಂದಿನ ಡಿಫ್ರೆನ್ಷಿಯಲ್ ರೇಷಿಯೋ 4.3. ಜಿಪ್ಸಿ 5 ಸ್ಪೀಡಿನ ರೇಷಿಯೋ ಒಂದನೇದು 3.652, ಎರಡು 1.947, ಮೂರು 1.423, ನಾಲ್ಕು 1, ಐದು 0.795.

80ರಲ್ಲಿ ಹೋಗ್ತಿದ್ರೆ ನಿಮಿಷಕ್ಕೆ 1333 ಮೀಟರ್, ಅದನ್ನ 1.85ರಿಂದ ಭಾಗಿಸಿದ್ರೆ ಚಕ್ರ 720 ಸುತ್ತು, 4.3ರಿಂದ ಗುಣಿಸಿದ್ರೆ ಶಾಫ್ಟ್ ಸುಮಾರು 3100. ನಾಲ್ಕನೇದ್ರಲ್ಲಿ ಎಂಜಿನ್ನೂ ಅಷ್ಟೇ, 3100. ಐದಕ್ಕೆ ಹಾಕಿದ್ರೆ 2460ಕ್ಕೆ ಇಳಿಯತ್ತೆ. ಶಿವಮೊಗ್ಗದಿಂದ ತೀರ್ಥಹಳ್ಳಿ ತನಕ ಆರಾಮಾಗಿ ಮಾತಾಡ್ಕೊಂಡು ಹೋಗ್ಬೋದು, ಹಳೇ ಪದ್ಮಿನಿ ಥರ ಕೂಗಾಡಲ್ಲ. ಟಾಪಲ್ಲಿ ಡಿಫ್ರೆನ್ಷಿಯಲ್ ಬದಲಾಯ್ಸೋ ಅಗತ್ಯಾನೇ ಇಲ್ಲ.

ತೊಂದ್ರೆ ಇರೋದು ಕೆಳಗಡೆ. ಜಿಪ್ಸೀಲಿ ಟ್ರಾನ್ಸ್‌ಫರ್ ಕೇಸ್ ಹೈ ರೇಂಜಲ್ಲೂ 1.409ರಷ್ಟು ಇಳಿಸತ್ತೆ, ಆ ಗೇರ್‌ಬಾಕ್ಸಿನ ಲೆಕ್ಕ ಎಲ್ಲಾ ಅದನ್ನ ನಂಬ್ಕೊಂಡು ಮಾಡಿರೋದು. ನೀವು ಅದನ್ನ ತೆಗೀತೀರಿ. ಗೇರ್ ರೇಷಿಯೋನ 4.3ರಿಂದ ಗುಣಿಸಿದ್ರೆ ಒಂದನೇ ಗೇರ್ ಒಟ್ಟು 15.7 ಆಗತ್ತೆ, ಎರಡನೇದು 8.37, ಇವೆರಡರ ಮಧ್ಯ ದೊಡ್ಡ ಕಂದಕ. ಆಗುಂಬೇಲಿ 14 ಹೇರ್‌ಪಿನ್ ಇದಾವೆ, ಹತ್ತುವಾಗ ತಿರುವಲ್ಲಿ 15 ಕಿಮೀ ಸ್ಪೀಡಿಗೆ ಬಂದ್ರೆ ಎರಡರಲ್ಲಿ ಎಂಜಿನ್ 1130, ಅಲ್ಲಿ ಉಸಿರು ಕಟ್ಟತ್ತೆ, ಒಂದಕ್ಕೆ ಹಾಕಿದ್ರೆ 2120. ಅಂದ್ರೆ ಪ್ರತಿ ತಿರುವಲ್ಲೂ ಒಂದಕ್ಕೆ ಇಳಿಸಿ 25 ದಾಟಿದ್ಮೇಲೆ ಎರಡಕ್ಕೆ. ಓಡ್ಸೋಕೆ ಆಗತ್ತೆ, ಅಭ್ಯಾಸ ಬೇಕು. ನಿಮ್ಮದು ಕಾರ್ಬ್ಯುರೇಟರ್‌ದು, 8 ವಾಲ್ವ್, ಕೆಳಗೆ ಎಳೆಯೋದು ಚೆನ್ನಾಗಿರತ್ತೆ. ಆಮೇಲೆ ಬಂದ 16 ವಾಲ್ವಿಂದು 85 ಕುದುರೆ ಆದ್ರೂ ಈ ಕೆಲ್ಸಕ್ಕೆ ನಾನು ಇದನ್ನೇ ಆರಿಸ್ತೀನಿ.

ಇನ್ನು ಕೆಲವು ಜನ ಮರೆಯೋ ವಿಷ್ಯ. ಜಿಪ್ಸಿ ಸ್ಪೀಡೋಮೀಟರ್ ಕೇಬಲ್ ಹೊರಡೋದು ಟ್ರಾನ್ಸ್‌ಫರ್ ಕೇಸಿಂದ, ಗೇರ್‌ಬಾಕ್ಸಲ್ಲಿ ಅದಕ್ಕೆ ಜಾಗ ಇಲ್ಲ, ಶಾಫ್ಟಿಗೆ ಸೆನ್ಸರ್ ಹಾಕಿ ಬೇರೆ ಮೀಟರ್ ಇಡ್ಬೇಕು. ಹಿಂದಿನ ಫ್ಲ್ಯಾಂಜ್ ಹಿಂದೆ ಮುಂದೆ ಜಾರಲ್ಲ, ಆಕ್ಸಲ್ ಮೇಲೆ ಕೆಳಗೆ ಆಡುವಾಗ ಉದ್ದ ಬದಲಾಗತ್ತಲ್ಲ, ಅದಕ್ಕೆ ಶಾಫ್ಟಲ್ಲೇ ಸ್ಲಿಪ್ ಜಾಯಿಂಟ್ ಇರ್ಬೇಕು, ಕಟ್ ಮಾಡಿದ್ಮೇಲೆ ಬ್ಯಾಲೆನ್ಸ್ ಮಾಡಿಸ್ಬೇಕು. ಗೇರ್‌ಬಾಕ್ಸಿನ ಗೆರೆ ಮತ್ತೆ ಡಿಫ್ರೆನ್ಷಿಯಲ್ ಒಳಗೆ ಹೋಗೋ ಪಿನಿಯನ್ ಗೆರೆ ಒಂದಕ್ಕೊಂದು ಸಮಾನಾಂತರ ಇರ್ಲಿ, ಇಲ್ಲಾಂದ್ರೆ 60 ದಾಟಿದ ತಕ್ಷಣ ಸೀಟ್ ಕೆಳಗೆ ಗುಂಯ್ ಅಂತ ನಡುಕ. ಜಿಪ್ಸಿ ಕ್ಲಚ್ ಕೇಬಲ್‌ದು, ಪೆಡಲ್ ಹೊಂದಿಸ್ಬೇಕು.

ಘಟ್ಟದ_ಗಾಡಿ:
ನಾನು ಗೇರ್‌ಬಾಕ್ಸ್ ಪಂಡಿತ ಅಲ್ಲ, ಮೂವತ್ತು ವರ್ಷ ಘಾಟಿ ರಸ್ತೇಲಿ ಟ್ಯಾಕ್ಸಿ ಓಡ್ಸಿದೀನಿ ಅಷ್ಟೇ. ಎಲ್ರೂ ಹತ್ತೋದರ ಬಗ್ಗೆ ಮಾತಾಡ್ತಿದೀರಿ. ಆಗುಂಬೆ ಇಳಿಯೋದೂ ಇದೆ. ಪದ್ಮಿನಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಬಿಸಿ ಆದ್ರೆ ಪೆಡಲ್ ಕಲ್ಲಿನ ಥರ ಆಗತ್ತೆ, ಗಾಡಿ ನಿಲ್ಲಲ್ಲ, ಆಗ ಹಿಡ್ಕೊಳ್ಳೋದು ಗೇರೇ. ಎರಡನೇ ಗೇರ್ 8.37 ಅಂದ್ರಲ್ಲ, ಇಳಿಜಾರಲ್ಲಿ ಅದು ಗಾಡೀನ ಬಿಗಿಯಾಗಿ ಹಿಡಿಯಲ್ಲ, ಜಾರ್ತಾ ಹೋಗತ್ತೆ, ಒಂದರಲ್ಲೇ ಇಳೀಬೇಕಾಗತ್ತೆ. ಆದ್ದರಿಂದ ಎಂಜಿನ್ ಮುಟ್ಟೋ ಮುಂಚೆ ಡ್ರಮ್ಮು, ಲೈನರ್ರು, ಹೋಸ್ ಎಲ್ಲಾ ಹೊಸದು ಮಾಡ್ಸಿ. 65 ಕುದುರೆ ಬಂದ ಮೇಲೆ ಕಾಲು ಸುಮ್ನಿರಲ್ಲ.

ತುಂಗಾತೀರ:
ಬ್ರೇಕ್ ವಿಷ್ಯ ಹೇಳಿದ್ದಕ್ಕೆ ಕೈ ಮುಗೀತೀನಿ, ಅದನ್ನ ಈ ವಾರವೇ ಶುರು ಮಾಡ್ತೀನಿ. ಮನೇಲಿ ಕೂತು ಅಪ್ಪನ ಹತ್ರಾನೂ ಮಾತಾಡ್ದೆ. ಅವ್ರು ಕೇಳಿದ್ದು ಒಂದೇ, ಸ್ಟೀರಿಂಗ್ ಗೇರ್ ಇರತ್ತಾ ಅಂತ. ಜಿಪ್ಸಿದಾದ್ರೆ ಇರಲ್ಲ, ಟನಲ್ (ನೆಲದ ಮಧ್ಯದ ಉಬ್ಬು) ಕತ್ತರಿಸಿ ಲಿವರ್ ನೆಲದಿಂದ ಬರ್ಬೇಕು ಅಂದೆ. ಸುಮ್ನಾದ್ರು. ಅದಕ್ಕೆ ಮೊದ್ಲು ಜೆ.ಸಿ. ರೋಡಿಗೆ ಹೋಗಿ ಬ್ಲಾಕ್ ಹುಡುಕ್ತೀನಿ, ಎರಡು ತಿಂಗ್ಳು ಟೈಮ್ ಕೊಡ್ತೀನಿ. ಸಿಗ್ಲಿಲ್ಲ ಅಂದ್ರೆ ಆರ್‌ಟಿಒ ಆಫೀಸಲ್ಲಿ ಬರವಣಿಗೇಲಿ ಕೇಳಿ, ಅವ್ರು ಒಪ್ಪಿದ್ರೆ ಮಾತ್ರ ಜಿಪ್ಸಿ ಸೆಟ್. ಎಸ್ಟೀಮ್ ಎಂಜಿನ್‌ಗೆ ಎಣ್ಣೆ ಬಿಟ್ಟು ಮುಚ್ಚಿಟ್ಟಿದೀನಿ.

ಲೇತ್‌ಮನೆ:
ಸರಿ. ಪ್ಲಗ್ ತೂತಲ್ಲಿ ಎಣ್ಣೆ ಬಿಟ್ಟಿದ್ರೆ ವಾರಕ್ಕೊಂದ್ಸಲ ಕ್ರ್ಯಾಂಕ್ ಕೈಯಲ್ಲಿ ಎರಡು ಸುತ್ತು ತಿರುಗ್ಸಿ, ರಿಂಗ್ ಹಿಡ್ಕೊಳ್ಳಲ್ಲ. ಬ್ಲಾಕ್ ಸಿಕ್ಕಿದ್ರೆ ತಗೊಳ್ಳೋ ಮುಂಚೆ ಬೋರ್ ಅಳತೆ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.